ಬೇಳೆ ಬೇಯೋ ನೀರಿನ ಮೀನು

ಮೊನ್ನೆ ಭಾನುವಾರ ನನಗೆ ಇದ್ದಕ್ಕಿದ್ದ ಹಾಗೆ ಬೋಂಡದ ಚಪಲ ಹತ್ತಿತು. ಕಡ್ಲೆಹಿಟ್ಟು ಕಲಸಿದ್ದಾಯ್ತು, ಎಣ್ಣೆ ಕಾಯೋಕೆ ಇಟ್ಟಿದ್ದಾಯ್ತು, ಒಂದು ಚಿಟಿಕೆ ಸೋಡಾ ಹಾಕೋಣ ಅಂದರೆ ಡಬ್ಬಿ ನಾಪತ್ತೆ. ನನಗೆ ಬುದ್ಧಿ ಬಂದಾಗಿನಿಂದ ಉಪ್ಪಿನ ಜಾಡಿಯ ಪಕ್ಕ ಕೂತಿದ್ದ ಡಬ್ಬಿ ಅದು. ಕೊನೆಗೆ ಸ್ಟೂಲ್ ಹತ್ತಿ ಅಟ್ಟದ ಮೇಲೆ ಕೈಯಾಡಿಸಿದರೆ, ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆಯ ಹಿಂದೆ ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿ, ಮೇಲೆ ದಾರ ಬಿಗಿದು ಕೂರಿಸಿದ್ದಳು ಅಮ್ಮ. ಯಾಕಮ್ಮ ಇದಕ್ಕೆ ಈ ಗತಿ ಅಂತ ಕೇಳಿದೆ. ಕೈಗೆ ಸಿಗೋ ಜಾಗದಲ್ಲಿ ಅದು ಇರೋದು ಬೇಡ ಅಂದಳು. ಅಷ್ಟೇ. ನಾನೂ ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಇಳಿದೆ. ಬೋಂಡ ಗೋಲಿಗುಂಡಿನ ಹಾಗಾಯ್ತು. ಇಬ್ಬರೂ ಚಟ್ನಿಯಲ್ಲಿ ಅದ್ದಿಕೊಂಡು ತಿಂದೆವು.

ಸೋಡಾ ಡಬ್ಬಿಗೂ ಯಾರಾದರೂ ಹೆದರುತ್ತಾರಾ ಅಂತ ನೀವು ನಗಬಹುದು. ನಗಿ, ಬೇಜಾರಿಲ್ಲ. ಆದರೆ ಅದರ ಹಿಂದೆ ಎರಡು ಮೀನು, ಅರ್ಧ ತೆಂಗಿನ ಕರಟ, ಜೊತೆಗೆ ನಮ್ಮಮ್ಮನ ಜೀವಮಾನದ ಹೆಸರು, ಇಷ್ಟೂ ಇವೆ.

ನಾನು ತುಮಕೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡೋಳು. ಊರು ಕುಣಿಗಲ್. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನನಗೆ ಮದುವೆ ಆಗಲಿಲ್ಲ. ಅದರ ಹಿಂದೆ ಭಾರೀ ಕಥೆ ಏನೂ ಇಲ್ಲ. ಮೊದಮೊದಲು ಜಾತಕ ಕೂಡಿಬರಲಿಲ್ಲ, ಆಮೇಲೆ ಬಂದವರು ನನಗೆ ಹಿಡಿಸಲಿಲ್ಲ, ಅದಾದ ಮೇಲೆ ಒಬ್ಬಳೇ ಇರೋದೇ ಹಿಡಿಸಿಬಿಟ್ಟಿತು. ಅಪ್ಪ ಹೋದ ಮೇಲೆ ಅಮ್ಮ ಒಂದು ಟ್ರಂಕು, ಒಂದು ಒರಳುಕಲ್ಲು ಹೊರಿಸಿಕೊಂಡು ಬಂದು ನನ್ನ ಜೊತೆ ನಿಂತಳು. ಮದುವೆ ವಿಷಯ ಎತ್ತೋದನ್ನು ಯಾವತ್ತೋ ನಿಲ್ಲಿಸಿದ್ದಾಳೆ. ನಾವಿಬ್ಬರೂ ಚೆನ್ನಾಗೇ ಇದ್ದೀವಿ, ಸುಳ್ಳು ಯಾಕೆ ಹೇಳಲಿ.

ಮೀನಿನ ಗೀಳು ಹತ್ತಿದ್ದು ಶಿರಾ ಗೇಟ್‌ನಲ್ಲಿ. ಒಂದು ಸಂಜೆ ಮಳೆ ಹಿಡಿದುಕೊಂಡಿತು, ಆಟೋದವರು ಯಾರೂ ನಿಲ್ಲಿಸಲಿಲ್ಲ, ಹತ್ತಿರ ಇದ್ದ ಮೀನಿನ ಅಂಗಡಿಗೆ ನುಗ್ಗಿದೆ. ತಿನ್ನೋ ಮೀನಲ್ಲ, ಸಾಕೋ ಮೀನು. ಅಂಗಡಿಯ ಮಂಜಣ್ಣ ಗೋಲ್ಡ್‌ಫಿಷ್ ತೋರಿಸಿದರು, ಬಾಲದ ಸೀರೆ ಎಳೆದುಕೊಂಡು ಓಡಾಡೋ ಗಪ್ಪಿ ತೋರಿಸಿದರು. ನನ್ನ ಕಣ್ಣು ಮಾತ್ರ ಕೆಳಗಿನ ಸಾಲಿನ ಒಂದು ಮೂಲೆ ತೊಟ್ಟಿಗೆ ಬಿತ್ತು. ಬೆರಳಿನ ಎರಡು ಗೆಣ್ಣಿನಷ್ಟು ಮೀನು. ನಾನು ಬಗ್ಗಿ ನೋಡಿದ ತಕ್ಷಣ ಗಾಜಿನ ಹತ್ತಿರ ಬಂದು, ಬೆನ್ನಿನ ಮೇಲಿನ ರೆಕ್ಕೆ ಸೆಟೆಸಿ, ಕೆನ್ನೆ ಉಬ್ಬಿಸಿ, ಯಾರೇ ನೀನು ಅಂತ ಕೇಳಿತು. ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಕೂಡ ನನ್ನನ್ನು ಹಾಗೆ ಗದರಿಸಿಲ್ಲ. ನನಗೆ ಅಲ್ಲೇ ಅದರ ಮೇಲೆ ಮನಸ್ಸಾಯ್ತು.

ಇದು ಡ್ವಾರ್ಫ್ ಸಿಕ್ಲಿಡ್ ಮೇಡಂ, ಅಪಿಸ್ಟೋ ಅಂತೀವಿ, ಗಿಡ್ಡ ಜಾತಿ, ಆದರೆ ಇದಕ್ಕೆ ದೊಡ್ಡ ನಖರಾ ಅಂದರು ಮಂಜಣ್ಣ. ಕೊಡಲೇ ಇಲ್ಲ ನೋಡಿ. ಮೊದಲು ತೊಟ್ಟಿ ಕಟ್ಟಿ, ನೀರು ಹದಕ್ಕೆ ಬರಲಿ, ಆಮೇಲೆ ಬನ್ನಿ ಅಂದರು. ಹೆಣ್ಣು ಕೊಡೋಕೆ ಮುಂಚೆ ಮನೆ ನೋಡೋ ಜನ ಇನ್ನೂ ಇದ್ದಾರಲ್ಲ ಅಂತ ನನಗೆ ಖುಷಿಯೇ ಆಯ್ತು.

ಎರಡಡಿ ಉದ್ದದ ಗಾಜಿನ ತೊಟ್ಟಿ ಹಾಲಿಗೆ ಬಂತು. ತಳಕ್ಕೆ ಮರಳು ಬೇಕು, ಸಣ್ಣಗಿರಬೇಕು, ಯಾಕೆಂದರೆ ಈ ಮೀನು ಮರಳನ್ನು ಬಾಯಿಗೆ ತುಂಬಿಕೊಂಡು ಸೋಸಿ ಉಗುಳುತ್ತೆ. ನಾನು ಬಕೆಟ್ಟಿಗೆ ನಲ್ಲಿ ಬಿಟ್ಟು ಮರಳು ಕಲಕುತ್ತಾ ಕೂತಿದ್ದೆ, ಕೆಸರು ಹೋಗುವ ಲಕ್ಷಣ ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ನೋಡಕ್ಕಾಗದೆ ನನ್ನನ್ನು ಎಬ್ಬಿಸಿ ತಾನೇ ಕೂತು, ಅಕ್ಕಿ ಜಾಲಿಸೋ ಹಾಗೆ ತಟ್ಟೆ ತಟ್ಟೆಯಾಗಿ ಜಾಲಿಸಿ ಕೊಟ್ಟಳು. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಮೀನಿಗೆ ಮರಳು ತೊಳೀತಾ ಇದೀನಲ್ಲಪ್ಪಾ ಸಿದ್ಧಲಿಂಗೇಶ್ವರ ಅಂತ ಯಡಿಯೂರಿನ ದೇವರಿಗೆ ವರದಿಯನ್ನೂ ಒಪ್ಪಿಸುತ್ತಿದ್ದಳು.

ಗುಹೆ ಬೇಕು ಅಂದಿದ್ದರು ಮಂಜಣ್ಣ. ಅದಕ್ಕೇನು ಬರ? ಗುಬ್ಬಿಯ ನಮ್ಮ ಸೋದರಮಾವ ಹಬ್ಬಕ್ಕೊಂದು ಮೂಟೆ ತೆಂಗಿನಕಾಯಿ ಕಳಿಸುತ್ತಾನೆ. ಹಿಂದೆ ಕರಟವೆಲ್ಲ ಹಂಡೆ ಒಲೆಗೆ ಹೋಗುತ್ತಿತ್ತು. ಈಗ ಗೀಸರ್ ಬಂದು ಕರಟಕ್ಕೆ ಕೆಲಸವಿಲ್ಲ, ಟೆರೇಸಿನ ಮೂಲೆಯಲ್ಲಿ ರಾಶಿ ಬಿದ್ದಿರುತ್ತೆ. ಒಳ್ಳೆಯದೊಂದು ಆರಿಸಿ, ನಾರು ಕೆರೆದು, ಕುದಿಸಿ, ಅಂಚಿನಲ್ಲಿ ಒಂದು ಪುಟ್ಟ ಬಾಗಿಲು ಕೊರೆದು ಮರಳಿನ ಮೇಲೆ ಬೋರಲು ಹಾಕಿದೆ. ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಹಾಲ್‌ನಲ್ಲಿ ಚಿಪ್ಪು ಇಟ್ಟುಕೊಂಡರೆ ಬಂದೋರು ಏನಂದಾರು, ಇವರ ಕೈಗೆ ಚಿಪ್ಪು ಬಂತು ಅನ್ನಲ್ವಾ ಅಂತ ಗೊಣಗಿದಳು. ಅದರ ಮೇಲೆ ನಾನು ಕಾಲೇಜಿನ ಅಂಗಳದಿಂದ ಒಣಗಿದ ಕಾಡುಬಾದಾಮಿ ಎಲೆ ಆರಿಸಿ ತಂದು ನೀರಿಗೆ ಬಿಟ್ಟೆ. ಎಲೆಯ ಒಗರು ಇಳಿದು ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆ ಮೀನುಗಳ ಹುಟ್ಟೂರಿನ ಹೊಳೆಯಲ್ಲಿ ಹೀಗೇ ಇರುತ್ತಂತೆ. ಪಕ್ಕದ ಮನೆಯವರು ಬಂದು, ತೊಟ್ಟಿ ತೊಳೆದು ಎಷ್ಟು ದಿನ ಆಯ್ತು ಅಂತ ಕೇಳಿದರು. ಹೋದ ವಾರವಷ್ಟೇ ಕಟ್ಟಿದ್ದು ಅಂತ ಹೇಳೋ ಧೈರ್ಯ ಅಮ್ಮನಿಗೆ ಬರಲಿಲ್ಲ.

ಇಷ್ಟಾದರೂ ಮೀನು ಮಾತ್ರ ಇಲ್ಲ. ಖಾಲಿ ನೀರಿನಲ್ಲಿ ಪಂಪು ಬುಳುಬುಳು ಅನ್ನುತ್ತಾ ವಾರಗಟ್ಟಲೆ ಓಡಿತು. ಅಮ್ಮ ಕರೆಂಟಿನ ವಿಚಾರ ಎತ್ತಿದಾಗ, ಮಂಜಣ್ಣ ತಮ್ಮ ಹಳೇ ತೊಟ್ಟಿಯ ಸ್ಪಂಜನ್ನು ಹಿಂಡಿ ಒಂದು ಕವರ್ ಕೊಳೆನೀರು ಕೊಟ್ಟಿದ್ದನ್ನು ತೋರಿಸಿದೆ. ಒಳ್ಳೆ ಸೂಕ್ಷ್ಮಜೀವಿ ಇದರಲ್ಲಿ ಇರುತ್ತಮ್ಮ, ಅದು ಬೆಳೆದರೇನೇ ಮೀನಿನ ಗಲೀಜು ಕರಗೋದು ಅಂದೆ. ಹೆಪ್ಪು ಅನ್ನು ಅಂದಳು. ಅಲ್ಲಿಂದ ಮುಂದೆ ತಕರಾರಿಲ್ಲ. ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು ಅಂತ ತೊಟ್ಟಿ ಪಕ್ಕದಲ್ಲಿ ಜೋರಾಗಿ ನಡೆಯೋದನ್ನೂ ಬಿಟ್ಟಳು.

ನಿಜವಾದ ತಾಪತ್ರಯ ನೀರಿನ ಗಡಸುತನದ್ದು. ಈ ಮೀನಿಗೆ ಮೆದು ನೀರು ಬೇಕು. ಗಡಸು ನೀರಲ್ಲಿ ಬದುಕಿದರೂ ಮೊಟ್ಟೆ ಕೆಡುತ್ತೆ. ನಮ್ಮ ಬೋರಿನ ನೀರೋ, ಎರಡು ದಿನ ಬಿಟ್ಟರೆ ಬಕೆಟ್ಟಿಗೆ ಸುಣ್ಣ ಬಳಿದುಬಿಡುತ್ತೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳೋಕೆ ನಾನು ಪಿಎಚ್ಚು ಗಿಎಚ್ಚು ಅಂತ ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದು, ಬೇಳೆ ಬೇಯೋ ನೀರು ಬೇಕು ಅನ್ನೇ ಅಂದಳು.

ಕುಣಿಗಲ್‌ನಲ್ಲಿ ನಮ್ಮ ಬೀದಿಗೆ ಎರಡು ನೀರು. ಪಾತ್ರೆಗೆ, ಬಟ್ಟೆಗೆ ಬೀದಿ ಕೊನೆಯ ಬೋರು. ಬೇಳೆಗೆ ಮಾತ್ರ ತೋಟದ ಬಾವಿ. ಸ್ಕೂಲಿಂದ ಬಂದ ತಕ್ಷಣ ಒಂದು ಬಿಂದಿಗೆ ಬೇಳೆ ನೀರು ತರೋದು ನನ್ನ ಪಾಲಿನ ಕೆಲಸ. ಲಂಗ ಒದ್ದೆ ಮಾಡಿಕೊಳ್ಳದೆ ಒಂದು ದಿನವೂ ತಂದವಳಲ್ಲ. ಬೀದಿಗೆ ಹೊಸ ಹ್ಯಾಂಡ್‌ಪಂಪ್ ಬಂದಾಗ ಜನವೆಲ್ಲ ಬೊಗಸೆ ಒಡ್ಡಿ ಕುಡಿದು ಬಲು ಸಿಹಿ ಬಲು ಸಿಹಿ ಅಂತಿದ್ದರೆ, ಅಮ್ಮ ಮಾತಾಡದೆ ಒಂದು ಚೊಂಬು ಒಳಗೆ ತಗೊಂಡು ಹೋಗಿ ಒಲೆ ಮೇಲಿಟ್ಟು ಒಂದು ಹಿಡಿ ತೊಗರಿಬೇಳೆ ಹಾಕಿದಳು. ಎಷ್ಟು ಕುದಿಸಿದರೂ ಬೇಳೆ ಗಟ್ಟಿಗಿತ್ತಿಯಂತೆ ನಿಂತಿತ್ತು. ಎಮ್ಮೆ ಮೈ ತೊಳೆಯಕ್ಕೆ ಆಗುತ್ತೆ ಬುಡಿ ಅಂತ ತೀರ್ಪು ಕೊಟ್ಟಳು. ಬಾವಿಗೆ ಹೋಗಲಾಗದ ದಿನ, ಹೇಳದೆ ಕೇಳದೆ ನೆಂಟರು ಬಂದ ದಿನ, ಅವಳ ಹತ್ತಿರ ಒಂದು ಉಪಾಯ ಇತ್ತು: ಬೇಳೆಗೆ ಚಿಟಿಕೆ ಅಡುಗೆ ಸೋಡಾ. ಎಂಥ ಗಡಸು ನೀರಲ್ಲೂ ಬೇಳೆ ಬೆಣ್ಣೆಯಾಗುತ್ತಿತ್ತು. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ.

ಅಂತೂ ಟೆರೇಸಿನ ಪೈಪಿಗೆ ಡ್ರಮ್ ಇಟ್ಟು ಮಳೆ ನೀರು ಹಿಡಿದೆವು. ಮಂಜಣ್ಣ ಸಮಾಧಾನವಾಗಿ ಒಂದು ಜೋಡಿ ಕೊಟ್ಟರು. ಗಂಡು ಗಾಜಿನಲ್ಲಿ ಗದರಿಸಿದ್ದನಲ್ಲ, ಅವನೇ. ಜುಟ್ಟಿನ ರೆಕ್ಕೆ, ಕಿತ್ತಳೆ ಬಾಲ, ಇಡೀ ತೊಟ್ಟಿ ನನ್ನದು ಅನ್ನೋ ನಡಿಗೆ. ಅಮ್ಮ ಅವನಿಗೆ ಯಜಮಾನ್ರು ಅಂತ ಹೆಸರಿಟ್ಟಳು. ಹೆಣ್ಣು ಅವನ ಅರ್ಧದಷ್ಟೂ ಇಲ್ಲ, ಬೂದು ಬಣ್ಣ, ನೋಡಿದವರು ಎರಡನೇ ಸಲ ನೋಡೋ ಹಾಗಿರಲಿಲ್ಲ. ಅವಳಿಗೆ ಹೆಸರೂ ಇರಲಿಲ್ಲ ಪಾಪ.

ಮೊದಲ ಸಲ ಮೊಟ್ಟೆ ಇಟ್ಟಾಗ ನಮಗೆ ಗೊತ್ತಾಗೋ ಹೊತ್ತಿಗೆ ಬೆಳ್ಳಗೆ ಬೂಸಲು ಹಿಡಿದಿತ್ತು. ಹೆಣ್ಣಿನ ಮೈಗೆ ಹತ್ತಿದ್ದ ತೆಳು ಹಳದಿಯೂ ಮಾರನೇ ದಿನಕ್ಕೇ ಹೋಗಿತ್ತು. ನೀರು ಇನ್ನೂ ಮೆದುವಾಗಬೇಕು ಅಂದರು ಮಂಜಣ್ಣ. ಎರಡನೇ ಸಲ, ಬೇಸಿಗೆಯ ಒಂದು ಬೆಳಿಗ್ಗೆ, ಅಮ್ಮ ನನ್ನನ್ನು ಕರೆದಳು. ಬೂದು ಹೆಣ್ಣು ರಾತ್ರಿ ಕಳೆಯೋದರೊಳಗೆ ಅಚ್ಚ ಹಳದಿಯಾಗಿದ್ದಳು. ಅರಿಶಿನ ಮೆತ್ತಿಕೊಂಡ ಹಾಗೆ, ಮೇಲೆ ಕಾಡಿಗೆಯಂಥ ಕಪ್ಪು. ಕರಟದ ಬಾಗಿಲಲ್ಲಿ ನಿಂತು, ಹತ್ತಿರ ಬಂದ ಯಜಮಾನ್ರನ್ನು ಅಟ್ಟಾಡಿಸಿಕೊಂಡು ಮೂಲೆಗೆ ತಳ್ಳುತ್ತಿದ್ದಳು. ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ ಕರಟದ ಸೂರಿಗೆ ಕೆಂಪು ಮಣಿ ಅಂಟಿಸಿದಂತೆ ಮೊಟ್ಟೆ. ಅಮ್ಮ ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡಳು. ಬಾಣಂತಿ ಕೋಣೆಗೆ ಬೆಳಕು ಬಿಡ್ತಾರೇನೇ ಅಂದಳು.

ಇಲ್ಲಿ ಅಮ್ಮನ ಹೆಸರಿನ ವಿಷಯ ಹೇಳಬೇಕು. ಕುಣಿಗಲ್‌ನ ನಮ್ಮ ಬೀದಿಯಲ್ಲಿ ಯಾವ ಮನೆ ಹೆಣ್ಣುಮಗಳು ಹೆರಿಗೆಗೆ ತವರಿಗೆ ಬಂದರೂ ಬಾಣಂತನಕ್ಕೆ ಅಮ್ಮನೇ ಆಗಬೇಕು. ಬೆಳಿಗ್ಗೆ ಹಂಡೆಗೆ ಕರಟದ ಉರಿ, ಮೈಗೆ ಹರಳೆಣ್ಣೆ, ಬೆನ್ನಿಗೆ ಚೊಂಬು ಚೊಂಬು ಸುಡುನೀರು, ಆಮೇಲೆ ತಲೆಗೆ ಬಟ್ಟೆ ಕಟ್ಟಿ ಸಾಂಬ್ರಾಣಿ ಹೊಗೆ. ಮಗುವಿನ ಅಪ್ಪನಾದರೂ ಬಾಗಿಲಾಚೆ ನಿಂತೇ ವಿಚಾರಿಸಬೇಕು. ನಾನೊಮ್ಮೆ ಪರದೆ ಸರಿಸಿ ಇಣುಕಿ ಕಿವಿ ಹಿಂಡಿಸಿಕೊಂಡಿದ್ದೆ. ಅವಳ ಕೈಯಲ್ಲಿ ಬೆಳೆದ ಒಂದು ಮಗುವಿಗೂ ಶೀತ ಆದದ್ದಿಲ್ಲ ಅಂತ ಊರೇ ಹೇಳುತ್ತಿತ್ತು. ಊರಿನ ಹೆಣ್ಣುಮಕ್ಕಳಿಗೆಲ್ಲ ಮಾಡಿದಳು. ಸ್ವಂತ ಮಗಳಿಗೆ ಮಾಡೋ ಪ್ರಸಂಗ ಬರಲಿಲ್ಲ. ಅದನ್ನು ಅವಳೂ ಆಡಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಆ ಬೆಳಿಗ್ಗೆ ಅಮ್ಮ ಟ್ರಂಕು ತೆಗೆದು ತಳದಿಂದ ಒಂದು ಹಳೇ ನೂಲಿನ ಸೀರೆ ತಂದಳು. ಒಗೆದೊಗೆದು ಹೂವಿನ ಹಾಗೆ ಮೆತ್ತಗಾಗಿತ್ತು. ಇಂಥ ಸೀರೆ ಯಾಕೆ ಎತ್ತಿಡುತ್ತಾರೆ ಅಂತ ನಮ್ಮ ಕಡೆಯ ಯಾವ ಹೆಂಗಸಿಗೂ ಗೊತ್ತು. ಬಾಣಂತಿಗೆ, ಮಗುವಿಗೆ ಅದೇ ಬೇಕು. ಕುಣಿಗಲ್‌ನಿಂದ ಬರುವಾಗ ಎಷ್ಟೋ ಪಾತ್ರೆ ಪಗಡ ಬಿಟ್ಟು ಬಂದವಳು ಈ ಸೀರೆಯನ್ನು ಬಿಟ್ಟಿರಲಿಲ್ಲ. ಅದನ್ನು ತೊಟ್ಟಿಯ ಮೂರು ಕಡೆಗೂ ಇಳಿಬಿಟ್ಟು ಕತ್ತಲು ಮಾಡಿದಳು. ಪಂಪಿಗೆ ಗಾಳಿ ಆಡೋಕೆ ಜಾಗ ಬಿಡಮ್ಮ ಅಂತ ಏನೋ ಒಂದು ಅಂದು ಆಫೀಸಿಗೆ ಹೊರಟೆ.

ಹೆಣ್ಣಿಗೂ ಅವತ್ತೇ ಹೆಸರು ಬಂತು, ಬಾಣಂತಿ ಅಂತ. ಸಂಜೆ ನಾನು ಬಂದರೆ ಚಪ್ಪಲಿ ಬಿಡೋಕೆ ಮುಂಚೆ ವರದಿ. ಬಾಣಂತಿ ಬೆಳಿಗ್ಗೆ ತಿಂದಳು, ಮಧ್ಯಾಹ್ನ ಮುಟ್ಟಲಿಲ್ಲ, ಯಜಮಾನ್ರು ಇಣುಕಕ್ಕೆ ಹೋಗಿ ಬೈಸ್ಕೊಂಡ್ರು, ಹಂಗೇ ಇರಬೇಕು ಹೆಂಗಸು. ಫ್ರೀಜರಿನಲ್ಲಿ ಮೀನಿಗೆ ಅಂತ ತಂದಿಟ್ಟ ಹುಳದ ಪೊಟ್ಟಣ ಇದ್ದ ಕಡೆ ತಿರುಗಿಯೂ ನೋಡದಿದ್ದವಳು ಈಗ, ಅದಕ್ಕೆ ಹೊಟ್ಟೆಗೆ ಹಾಕಿ ಹೋಗು ಅಂತ ನನಗೇ ಜ್ಞಾಪಿಸುತ್ತಿದ್ದಳು. ಮೊಟ್ಟೆ ಒಡೆದು, ಬಾಲ ಅಲ್ಲಾಡಿಸೋ ಎಳೆಗಳು ಕರಟದೊಳಗೆ ಕಂಡವು. ಇನ್ನೇನು ಈಜಬೇಕು ಅನ್ನೋ ಹೊತ್ತು.

ಅವತ್ತು ಕಾಲೇಜಿನಲ್ಲಿ ಅಡ್ಮಿಷನ್ ಗಲಾಟೆ. ಮಳೆ ನೀರಿನ ಡ್ರಮ್ ಖಾಲಿಯಾಗಿತ್ತು. ಸಂಜೆ ಬರುವಾಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರೋಣ ಅಂದುಕೊಂಡು ಆಫೀಸಿಗೆ ಹೋಗಿದ್ದೆ. ಬಿಸಿಲಿಗೆ ತೊಟ್ಟಿ ನೀರು ನಾಲ್ಕು ಬೆರಳು ಇಳಿದಿದ್ದನ್ನು ಅಮ್ಮ ನೋಡಿದಳು. ಬಾಣಂತಿಗೆ ನೀರು ಕಮ್ಮಿಯಾಯ್ತಲ್ಲ ಅಂತ ಜೀವ ತಡೆಯದೆ ನಲ್ಲಿಯಿಂದ ಹಿಡಿದು ತುಂಬಿಸಿದಳು. ತುಂಬಿಸಿದ ಮೇಲೆ ನೆನಪಾಯ್ತು, ಇದು ಬೋರಿನ ನೀರು, ಬೇಳೆ ಬೇಯೋ ನೀರಲ್ಲ. ಅದಕ್ಕೆ ಅವಳ ಹತ್ತಿರ ಉಪಾಯ ಇತ್ತಲ್ಲ. ಕುಕ್ಕರಿಗೆ ಚಿಟಿಕೆಯಾದರೆ ಇಷ್ಟು ನೀರಿಗೆ ಒಂದು ಚಮಚ ಬೇಕಾಗುತ್ತೆ ಅಂತ ಅಂದಾಜು ಮಾಡಿ, ಸೋಡಾ ಕದಡಿ ನಿಧಾನವಾಗಿ ಸುರಿದಳು.

ನಾನು ಬಂದಾಗ ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದಳು. ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಸೋಡಾ ಬೇಳೆಯನ್ನು ಮೆತ್ತಗೆ ಮಾಡುತ್ತೆ, ನೀರನ್ನಲ್ಲ. ಎಲೆಯ ಒಗರಿನಿಂದ ಸ್ವಲ್ಪ ಹುಳಿಯಾದ ನೀರು ಈ ಮೀನಿಗೆ ಬೇಕಾದ್ದು. ಸೋಡಾ ಅದಕ್ಕೆ ತೀರ ತದ್ವಿರುದ್ಧ. ಸೀರೆ ಸರಿಸಿದೆ. ಯಜಮಾನ್ರು ರೆಕ್ಕೆ ಮಡಚಿಕೊಂಡು ಮೇಲೆ ಬಂದು ಬಾಯಿ ತೆಗೆದು ಮುಚ್ಚುತ್ತಿದ್ದರು. ಬಾಣಂತಿ ಕರಟದೊಳಗಿಂದ ಹೊರಗೇ ಬಂದಿರಲಿಲ್ಲ.

ಮಂಜಣ್ಣನಿಗೆ ಫೋನ್ ಮಾಡಿದೆ. ಒಂದೇ ಸಲ ನೀರು ಬದಲಾಯಿಸಬೇಡಿ ಮೇಡಂ, ಅದಕ್ಕೇ ಸತ್ತುಹೋಗ್ತವೆ, ಹನಿ ಹನಿ ಬಿಡಿ ಅಂದರು. ಕ್ಯಾನನ್ನು ಕುರ್ಚಿ ಮೇಲಿಟ್ಟು, ಗಾಳಿ ಪೈಪಿಗೆ ಗಂಟು ಹಾಕಿ, ಆಸ್ಪತ್ರೆ ಗ್ಲುಕೋಸಿನ ಹಾಗೆ ಹನಿ ಇಳಿಸಿದೆ. ಅಮ್ಮ ಪಕ್ಕದಲ್ಲಿ ಕೂತು ಪೈಪು ಹಿಡಿದುಕೊಂಡಳು. ನಾನು ಬೈಯಲಿಲ್ಲ. ಬೈದಿದ್ದರೇ ಅವಳಿಗೆ ಹಗುರಾಗುತ್ತಿತ್ತೋ ಏನೋ. ಯಜಮಾನ್ರು ಸುಧಾರಿಸಿಕೊಂಡು ಕೆಳಗಿಳಿದ ಮೇಲೆ ಊಟಕ್ಕೆ ಕೂತೆವು. ಅವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

ಬೆಳಿಗ್ಗೆ ನೋಡಿದರೆ ಕರಟ ಖಾಲಿ. ಒಂದು ಎಳೆಯೂ ಇಲ್ಲ. ಅಮ್ಮ ಸೀರೆ ತೆಗೆದು ಮಡಿಸತೊಡಗಿದಳು. ಮೀನು ತಾನೇ ಅಮ್ಮ, ಮತ್ತೆ ಇಡುತ್ತೆ ಬಿಡು ಅಂದೆ.

"ಮೀನು ಅಂತ ನಂಗೂ ಗೊತ್ತು ಕಣೇ ಗಿರಿಜ," ಅಂದಳು. "ನಿನ್ನ ಮನೇಲಿ ನನ್ನ ಕೈಗೆ ಬಂದಿದ್ದು ಇದೊಂದು ಬಾಣಂತನ. ಅದನ್ನೂ ಕೆಡಿಸ್ಕೊಂಡೆ."

ಮದುವೆಯಾಗದ್ದಕ್ಕೆ ನಾನು ಒಂದು ದಿನವೂ ಕೊರಗಿದವಳಲ್ಲ. ಆದರೆ ನನ್ನ ಜೊತೆ ಅವಳದ್ದೂ ಏನೋ ಒಂದು ಆಗದೆ ಉಳಿದಿತ್ತು, ಅದನ್ನು ಅವಳು ಸೀರೆಯೊಳಗೆ ಮಡಿಸಿಟ್ಟುಕೊಂಡು ನನ್ನ ಜೊತೆ ನಗುನಗುತ್ತಾ ಇದ್ದಳು ಅಂತ ಅವತ್ತು ತಿಳಿಯಿತು. ಸೋಡಾ ಡಬ್ಬಿ ಅಟ್ಟ ಹತ್ತಿದ್ದೂ ಅವತ್ತೇ ಇರಬೇಕು.

ಎರಡು ದಿನ ಅಮ್ಮ ತೊಟ್ಟಿ ಕಡೆ ಸುಳಿಯಲಿಲ್ಲ. ಮೂರನೇ ದಿನ ಕಸ ಗುಡಿಸುತ್ತಾ ಬಂದವಳು ಪೊರಕೆ ಹಿಡಿದೇ ನಿಂತುಬಿಟ್ಟಳು. ನಾನು ತಲೆ ಬಾಚುತ್ತಿದ್ದೆ. ಇವಳ ಹಳದಿ ಹೋಗಿಲ್ವಲ್ಲೇ ಅಂದಳು. ಹೌದು, ನಾನೂ ಗಮನಿಸಿರಲಿಲ್ಲ. ಮೊದಲ ಸಲ ಮೊಟ್ಟೆ ಕೆಟ್ಟಾಗ ಒಂದೇ ದಿನಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದಳು. ಈಗ ಅರಿಶಿನ ಹಾಗೇ ಇದೆ, ಯಜಮಾನ್ರನ್ನು ಅಟ್ಟೋದೂ ನಿಂತಿಲ್ಲ. ಕಾವಲು ಮಾತ್ರ ಕರಟದ ಬಾಗಿಲಲ್ಲಿಲ್ಲ, ಹಿಂದಿನ ಮೂಲೆಯಲ್ಲಿ, ಸುರುಳಿ ಸುತ್ತಿದ ಬಾದಾಮಿ ಎಲೆಯ ಮುಂದೆ. ಕೂಸು ಕಳ್ಕೊಂಡೋಳು ಹಿಂಗೆ ನಿಲ್ಲಲ್ಲ ಕಣೇ, ಎಷ್ಟು ಜನಾನ ನೋಡಿಲ್ಲ ನಾನು ಅಂತ ಅಮ್ಮ ಪೊರಕೆ ಬಿಸಾಕಿ ನೆಲದ ಮೇಲೆ ಕೂತಳು. ನಾನೂ ಜಡೆ ಅರ್ಧಕ್ಕೆ ಬಿಟ್ಟು ಕೂತೆ.

ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಎಲೆಯ ಅಡಿಯಿಂದ ರಾಗಿ ಕಾಳಿನಷ್ಟು ಒಂದು ಮರಿ ಮರಳಿನ ಮೇಲೆ ಪುಸಕ್ಕನೆ ನೆಗೆಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಹಿಂಡು. ನೀರು ಕೆಟ್ಟಿದ್ದು ತಿಳಿದು ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಹೋಗಿ ಎಲೆಯೊಳಗೆ ಬಚ್ಚಿಟ್ಟಿದ್ದಳು ಮಹಾತಾಯಿ. ಎಲ್ಲವೂ ಉಳಿದಿರಲಿಕ್ಕಿಲ್ಲ. ಉಳಿದದ್ದು ನಮಗೆ ಸಾಕಾಗಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾ ನಗುತ್ತಿದ್ದಳು. ಆಮೇಲೆ ಎದ್ದು, ಉಪ್ಪು ಮೆಣಸಿನಕಾಯಿ ತಂದು ತೊಟ್ಟಿಗೆ ದೃಷ್ಟಿ ನಿವಾಳಿಸಿದಳು. ಒಳಗೆ ಮಾತ್ರ ಏನೂ ಹಾಕಬೇಡಮ್ಮ ತಾಯಿ ಅಂತ ನಾನು ಕೈಮುಗಿದೆ.

ಮರಿ ಕಂಡ ವಾರದ ಭಾನುವಾರ ಎದ್ದು ಕಾಫಿಗೆ ಅಡುಗೆಮನೆಗೆ ಹೋದರೆ ಹರಳೆಣ್ಣೆ ಬೆಚ್ಚಗೆ ಮಾಡುತ್ತಾ ನಿಂತಿದ್ದಳು. ಯಾರಿಗಮ್ಮ ಅಂದೆ.

"ಬಾಣಂತಿ ನೀರು ಹಾಕ್ದೆ ಹೋದ್ರೆ ಬಾಣಂತನ ಮುಗಿಯಲ್ಲ," ಅಂದಳು. "ಮೀನಿಗೆ ಎಣ್ಣೆ ಹಚ್ಚಕ್ಕಾಗಲ್ವಲ್ಲ. ಬಾ, ನೀನು ಕೂತ್ಕೊ."

ಈ ವಯಸ್ಸಿನಲ್ಲಿ ಇದೇನಮ್ಮ ಅಂತ ಅರ್ಧ ಮಾತು ಅಂದೆ, ಅವಳ ಮುಖ ನೋಡಿ ಇನ್ನರ್ಧ ನುಂಗಿದೆ. ಗೀಸರ್ ನೀರು ಸಾಲದು ಅಂತ ಟೆರೇಸಿನ ಮೂಲೆಯಲ್ಲಿ ಕಲ್ಲು ಹೂಡಿ, ಬಿದ್ದಿದ್ದ ಕರಟಗಳ ರಾಶಿಗೆಲ್ಲ ಬೆಂಕಿ ಕೊಟ್ಟು ನೀರು ಕಾಯಿಸಿದಳು. ನರೆತ ತಲೆಯ ನಾನು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತೆ. ಎಣ್ಣೆ ತಟ್ಟಿದಳು, ಭುಜ ನೀವಿದಳು, ಬೆನ್ನಿಗೆ ಮೇಲಿಂದ ಸುಡುನೀರು ಹುಯ್ಯತೊಡಗಿದಳು. ಚರ್ಮ ಚುರುಗುಟ್ಟಿತು. ಬಿಸಿಯಾಯ್ತಾ ಅಂತ ಕೇಳಿದಳು. ಕಡೆಗೆ ತಲೆ ಒರೆಸಿ ಕಟ್ಟೋಕೆ ಅಂತ ಬಾಗಿಲ ಮೇಲೆ ಒಂದು ಬಟ್ಟೆ ಹಾಕಿಟ್ಟಿದ್ದಳು, ನೋಡಿದೆ, ಅದೇ ಹಳೇ ಸೀರೆ.

ಬಿಸಿಯೇನಿಲ್ಲ, ಇನ್ನೊಂದು ಚೊಂಬು ಹಾಕಮ್ಮ ಅಂದೆ.